ಎರಡು ಕಂತಿನ ವ್ಯತ್ಯಾಸ

ಒಂದೇ ಸಾಲಿನ ಕಾಗದ. ಅಂಗಿಯ ಜೇಬಿನಲ್ಲಿಟ್ಟರೆ ಬೆವರಿಗೆ ಒದ್ದೆಯಾದೀತು, ಪ್ಯಾಂಟಿನ ಜೇಬಿನಲ್ಲಿಟ್ಟರೆ ಮುದುಡೀತು ಎಂದು ಅವನು ಅದನ್ನು ತೂಕದ ಬಟ್ಟುಗಳ ಮರದ ಪೆಟ್ಟಿಗೆಯಲ್ಲಿ, ಮುಚ್ಚಳದ ಒಳಮೈಗೆ ಒತ್ತಿ ಇಟ್ಟಿದ್ದ. ಅದೇ ತಪ್ಪಾಯಿತು. ಬೆಳಗಿನಿಂದ ಯಾವ ಅಂಗಡಿಯಲ್ಲಿ ಪೆಟ್ಟಿಗೆ ತೆರೆದರೂ ಮೊದಲು ಕಣ್ಣಿಗೆ ಬೀಳುವುದು ಅದೇ: ‘ಈ ಸಾಲವನ್ನು ನಾನು ಒಪ್ಪುವುದಿಲ್ಲ.’ ಕೆಳಗೆ ಅವನ ಸಹಿ, ಇವತ್ತಿನ ತಾರೀಖು. ಔಷಧಿ ಅಂಗಡಿಯ ತಕ್ಕಡಿಯ ಮುಂದೆ ಬಗ್ಗಿ ನಿಂತು ಚಿಮುಟದಿಂದ ಐದು ಗ್ರಾಮಿನ ಬಟ್ಟನ್ನು ಎತ್ತುವಾಗ ಕೈ ನಡುಗಿತು. ಇಪ್ಪತ್ತೊಂಬತ್ತು ವರ್ಷದ ಕೆಲಸದಲ್ಲಿ ಕೈ ನಡುಗಿದ್ದು ಇದೇ ಮೊದಲೇನಲ್ಲ. ನಡುಗಿದ್ದನ್ನು ಗಿರಾಕಿ ನೋಡಿದ್ದು ಮಾತ್ರ ಇದೇ ಮೊದಲು. ‘ಏನ್ ಮಿಲಿಗ್ರಾಂ, ಊಟ ಆಗಿಲ್ವಾ?’ ಎಂದ ಔಷಧಿ ಅಂಗಡಿಯವನು. ಇವನು ನಕ್ಕ. ಮಿಲಿಗ್ರಾಂ ಎಂಬುದು ತಕ್ಕಡಿ ರಿಪೇರಿಯ ವರ್ಕ್‌ಶಾಪಿನವರು ಇಟ್ಟ ಅಡ್ಡಹೆಸರು. ತಕ್ಕಡಿಯ ಮುಳ್ಳು ಕೂದಲೆಳೆಯಷ್ಟು ಆಚೆ ನಿಂತರೂ ಇವನು ತೂಕ ಸರಿಯಿದೆ ಎಂಬ ಸೀಸದ ಮುದ್ರೆ ಒತ್ತುವುದಿಲ್ಲ ಎಂಬ ಹಟಕ್ಕೆ ಸಿಕ್ಕ ಬಿರುದು ಅದು. ಈಗ ಊರಿನ ಅಂಗಡಿಗಳಿಗೆಲ್ಲ ಹಬ್ಬಿ, ಅವನ ನಿಜವಾದ ಹೆಸರು ನೋಟೀಸುಗಳಲ್ಲಿ ಮಾತ್ರ ಉಳಿದಿತ್ತು. ಬಟ್ಟುಗಳನ್ನು ಬರಿಗೈಯಲ್ಲಿ ಮುಟ್ಟಬಾರದು, ಬೆರಳಿನ ಜಿಡ್ಡು ಹತ್ತಿದರೆ ಅಷ್ಟರಮಟ್ಟಿಗೆ ಅವು ಸುಳ್ಳು ಹೇಳಲು ಶುರುಮಾಡುತ್ತವೆ ಎಂದು ಅವನಿಗೆ ಕೆಲಸ ಕಲಿಸಿದ ಮುದುಕ ಹೇಳುತ್ತಿದ್ದ. ಅವನು ಐದು ಗ್ರಾಮಿನದನ್ನು ಮಖಮಲ್ಲಿನ ಕುಳಿಯಲ್ಲಿ ಇಳಿಸಿ, ಕಾಗದದ ಕಡೆ ನೋಡದೆ ಮುಚ್ಚಳ ಹಾಕಿದ. ಎರಡೂವರೆ. ವಸೂಲಿ ಏಜೆನ್ಸಿಯ ಬಾಗಿಲು ಐದಕ್ಕೆ ಮುಚ್ಚುತ್ತದೆ, ನೋಟೀಸಿಗೆ ಉತ್ತರಿಸುವ ಮೂವತ್ತು ದಿನದ ಗಡುವು ಇವತ್ತಿಗೆ ಮುಗಿಯುತ್ತದೆ.

ಆ ಒಂದು ಸಾಲನ್ನು ಬರೆದವನು ಅವನಲ್ಲ. ಬರೆದುಕೊಂಡು ಹೋಗಿದ್ದು ಮೂರು ಪುಟ. ಅದನ್ನು ಓದಿದ ಟೈಪಿಸ್ಟ್ ಹೆಂಗಸು, ಕೋರ್ಟಿನ ವರಾಂಡದಲ್ಲಿ ಮೇಜು ಹಾಕಿಕೊಂಡು ಊರವರ ತಕರಾರುಗಳನ್ನೆಲ್ಲ ಟೈಪು ಮಾಡಿಕೊಡುವವಳು, ಕನ್ನಡಕವನ್ನು ಹಣೆಗೇರಿಸಿ ಅವನನ್ನು ಹುಚ್ಚನನ್ನು ನೋಡುವ ಹಾಗೆ ನೋಡಿದ್ದಳು. ‘ಅಣ್ಣಾ, ಇದೇನಿದು, ಆತ್ಮಕಥೇನಾ? ಯಾವ ತಿಂಗಳು ಎಷ್ಟು ಕಟ್ಟಿದ್ರಿ, ಯಾವತ್ತು ನಿಲ್ಸಿದ್ರಿ, ಯಾಕೆ ನಿಲ್ಸಿದ್ರಿ, ಇದನ್ನೆಲ್ಲ ಕೇಳಿದ್ಯಾರು? ಹನ್ನೊಂದು ವರ್ಷದ ಹಳೇ ಸಾಲ. ಕಾನೂನಿನ ಪ್ರಕಾರ ಅದು ಯಾವಾಗಲೋ ಸತ್ತೋಗಿದೆ. ಕೊಟ್ಟ ಕಂಪನಿ ಮುಳುಗಿ ಹೋಗಿ, ಇವರು ಅದರ ಹಳೇ ಫೈಲುಗಳನ್ನ ಮೂರು ಕಾಸಿಗೆ ಕೊಂಡ್ಕೊಂಡು ಈಗ ಊರೋರಿಗೆಲ್ಲ ಕಾಗದ ಹಾಕ್ತಿದಾರೆ. ಆದ್ರೆ ಒಂದು ತಿಳ್ಕೊಳ್ಳಿ. ಹೌದು, ನಾನು ತಗೊಂಡಿದ್ದೆ, ಇಷ್ಟು ಬಾಕಿ ಇತ್ತು ಅಂತ ನೀವು ಬರೆದು ಸಹಿ ಹಾಕಿದ್ರೋ, ಅಲ್ಲಿಗೆ ಮುಗೀತು. ಸತ್ತಿದ್ದನ್ನ ನೀವೇ ಎಬ್ಬಿಸಿ ಕೂರಿಸಿದ ಹಾಗೆ.’ ಅವಳು ಮೂರು ಪುಟವನ್ನು ಅವನೆದುರೇ ನಾಲ್ಕಾಗಿ ಹರಿದು ಬುಟ್ಟಿಗೆ ಹಾಕಿ, ಟಪಟಪ ಒಂದು ಸಾಲು ಹೊಡೆದು ಕೊಟ್ಟಳು. ‘ಇದನ್ನ ಕೊಡಿ, ಮುದ್ರೆ ಒತ್ತಿಸ್ಕೊಳ್ಳಿ, ತುಟಿ ಪಿಟಕ್ ಅನ್ನದೆ ಎದ್ದು ಬನ್ನಿ. ಬಾಯಲ್ಲಿ ಒಂದು ಅಂಕಿ ಬರಬಾರ್ದು.’ ಅವನು ತಲೆಯಾಡಿಸಿದ್ದ. ಹಣೆಯ ಮೇಲಿದ್ದ ಅವಳ ಕನ್ನಡಕದ ಎಡಗಡೆ ಕಡ್ಡಿ ಬಲಗಡೆಯದಕ್ಕಿಂತ ಒಂದು ನೂಲು ಮೇಲಕ್ಕಿದೆ ಎಂದು ಹೇಳಬೇಕೆನಿಸಿತ್ತು, ಹೇಳಿರಲಿಲ್ಲ.

ಬಸ್ಸಿನ ಕಿಟಕಿಯ ಪಕ್ಕ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಾಗ ಆ ಮಾತು ಮತ್ತೆ ಮತ್ತೆ ಕಿವಿಯಲ್ಲಿ ಕೊರೆಯಿತು. ಬಾಯಲ್ಲಿ ಅಂಕಿ ಬರಬಾರದು. ಸರಿ, ಬರುವುದಿಲ್ಲ. ಕಷ್ಟವೇನಿದೆ ಇದರಲ್ಲಿ? ನೋಟೀಸು ಮನೆಗೆ ಬರದೆ ವರ್ಕ್‌ಶಾಪಿಗೆ ಬಂದದ್ದೇ ಅವನ ಪುಣ್ಯ. ಹನ್ನೊಂದು ವರ್ಷದ ಹಿಂದೆ ಅರ್ಜಿಯಲ್ಲಿ ವರ್ಕ್‌ಶಾಪಿನ ವಿಳಾಸ ಕೊಟ್ಟಿದ್ದ. ‘ತಗೋಪ್ಪ, ನಿನಗೂ ಪ್ರೇಮಪತ್ರ ಬಂತು’ ಎಂದು ಯಜಮಾನ ಲಕೋಟೆಯನ್ನು ಎಲ್ಲರೆದುರು ಅಲ್ಲಾಡಿಸಿ ಕೊಟ್ಟಿದ್ದ. ಗಡುವಿನೊಳಗೆ ಉತ್ತರ ಬಾರದಿದ್ದರೆ ನಮ್ಮ ಅಧಿಕಾರಿ ಮನೆಯ ವಿಳಾಸ ಪತ್ತೆಮಾಡಿ ಖುದ್ದು ಭೇಟಿ ಕೊಡುತ್ತಾರೆ ಎಂಬ ಕೊನೆಯ ಸಾಲನ್ನು ಓದಿದಾಗ ಅವನು ಕೆಲಸ ಬಿಟ್ಟು ಕೂತುಬಿಟ್ಟಿದ್ದ. ಹಣದ ಮಾತಿಗೆ ಹಾಗಾಗಿರಲಿಲ್ಲ. ಮನೆಯ ಬಾಗಿಲು, ಬಾಗಿಲಲ್ಲಿ ಯಾರೋ ಗಂಡಸು, ಬಾಗಿಲು ತೆರೆದ ಅಕ್ಕ. ಅದೊಂದು ಆಗಕೂಡದು. ಉಳಿದದ್ದು ಏನಾದರೂ ಆಗಲಿ, ಅದೊಂದು ಮಾತ್ರ ಆಗಕೂಡದು. ಆಗ, ಚಿಕ್ಕಂದಿನಲ್ಲಿ, ಅಕ್ಕನಿಗೆ ಒಂಬತ್ತು ವರ್ಷ, ಅವನಿಗೆ ನಾಲ್ಕು. ಸಾಲ ಕೊಟ್ಟವರು ಬಂದು ಬಾಗಿಲು ತಟ್ಟಿದ ಸದ್ದಾದರೆ ಸಾಕು, ಅಪ್ಪ ಅವನನ್ನು ಬಗಲಿಗೆ ಎತ್ತಿಕೊಂಡು ಬಟ್ಟೆಯ ಬೀರುವಿನೊಳಗೆ ಸೇರಿಕೊಳ್ಳುತ್ತಿದ್ದ. ಹುಡುಗ ಬಾಯಿಬಿಟ್ಟಾನೆಂದು ಅವನ ಬಾಯಿಯ ಮೇಲೆ ಅಪ್ಪನ ಅಂಗೈ. ತಂಬಾಕಿನ ವಾಸನೆ, ಕೋಟುಗಳ ವಾಸನೆ, ಕತ್ತಲು, ಆಚೆ ಅಕ್ಕನ ದನಿ: ‘ಅಪ್ಪ ಮನೇಲಿಲ್ಲ. ಯಾವಾಗ ಬರ್ತಾರೋ ಗೊತ್ತಿಲ್ಲ.’ ಒಂದು ಸಲವೂ ಅವಳು ತಡವರಿಸುತ್ತಿರಲಿಲ್ಲ. ಬಂದವನು ಮೆಟ್ಟಿಲಿಳಿದು ಹೋದ ಮೇಲೆ ಬೀರುವಿನ ಬಾಗಿಲಿಗೆ ಎರಡು ಸಲ ತಟ್ಟಿ, ‘ಹೋದ’ ಎನ್ನುತ್ತಿದ್ದಳು. ಅಪ್ಪ ನಗುತ್ತಾ ಹೊರಬಂದು, ಭೇಷ್ ಮಗಳೇ ಎಂದು ಅವಳ ಕೈಗೆ ಒಂದು ಪೆಪ್ಪರಮೆಂಟು ಇಡುತ್ತಿದ್ದ. ಅವಳು ಅದನ್ನು ಒಂದು ದಿನವೂ ಬಾಯಿಗೆ ಹಾಕಿದವಳಲ್ಲ. ಅಪ್ಪ ಅತ್ತ ತಿರುಗಿದ ಕೂಡಲೇ ತಮ್ಮನ ಬಾಯಿಗೆ ತುರುಕುತ್ತಿದ್ದಳು. ಅವನು ತಿನ್ನುತ್ತಿದ್ದ. ಚೀಪಿ ಚೀಪಿ, ಕೊನೆಯ ಚೂರಿನವರೆಗೂ ತಿನ್ನುತ್ತಿದ್ದ.

ಅದಕ್ಕೇ ಹನ್ನೊಂದು ವರ್ಷದ ಹಿಂದೆ ಕಣ್ಣಿನ ಡಾಕ್ಟರು, ಒಳಪರದೆ ಕಿತ್ತು ಬಂದಿದೆ, ತಿಂಗಳೊಳಗೆ ಆಪರೇಷನ್ ಆಗದಿದ್ದರೆ ಕಣ್ಣು ಹೋದ ಹಾಗೇ ಎಂದಾಗ ಅಕ್ಕ ಕೇಳಿದ್ದು ಒಂದೇ ಮಾತು. ‘ಸಾಲ ಗೀಲ ಮಾಡ್ತೀಯೇನೋ? ಹಾಗಿದ್ರೆ ಬೇಡ. ಕುರುಡಿಯಾಗಿ ಇರ್ತೀನಿ, ಸಾಲದ ಕಣ್ಣು ನನಗೆ ಬೇಡ.’ ದರ್ಜಿಗಳ ಅಂಗಿಗೆ ಕೈಯಲ್ಲಿ ಕಾಜ ಹಾಕಿ, ಗುಂಡಿ ಹೊಲಿದು, ಆ ಸೂಜಿಯಿಂದಲೇ ಅವನನ್ನು ಓದಿಸಿದವಳು. ಅವಳ ಬೆರಳುಗಳಿಗೆ ಗೊತ್ತಿದ್ದ ಕೆಲಸ ಅದೊಂದೇ, ಅದಕ್ಕೆ ಬೇಕಿದ್ದದ್ದು ಕಣ್ಣು. ‘ಇಲ್ಲ ಅಕ್ಕ, ಕೂಡಿಟ್ಟಿದೀನಿ’ ಎಂದಿದ್ದ. ಎಷ್ಟು ಸಲೀಸಾಗಿ ಬಂತು ಆ ಮಾತು! ಆಮೇಲೆ ಅವಳು ಕಂಡಕಂಡವರ ಮುಂದೆಲ್ಲ, ‘ನನ್ನ ತಮ್ಮ ಯಾರ ಮುಂದೂ ಕೈ ಒಡ್ಡಲಿಲ್ಲ ಕಣ್ರೀ, ಒಂದೊಂದೇ ಕೂಡಿಟ್ಟು ನನಗೆ ಕಣ್ಣು ಕೊಡಿಸಿದ’ ಎಂದು ಹೇಳುವಾಗ ಅವನು ಬೇರೆಲ್ಲೋ ನೋಡುತ್ತಾ ನಿಲ್ಲುತ್ತಿದ್ದ. ಜನ ಅದನ್ನು ಸಂಕೋಚ ಎಂದುಕೊಂಡು ಇನ್ನಷ್ಟು ಹೊಗಳುತ್ತಿದ್ದರು. ಇಪ್ಪತ್ತನಾಲ್ಕು ಕಂತು, ಕಂತಿಗೆ ಎರಡು ಸಾವಿರದ ಏಳುನೂರ ಐವತ್ತು. ಹನ್ನೊಂದು ಕಟ್ಟಿದ. ಹತ್ತನೆಯದಕ್ಕೆ ಕೈಗಡಿಯಾರ ಮಾರಿದ್ದ. ಹನ್ನೊಂದನೆಯದಕ್ಕೆ ತಿಂಗಳಿಡೀ ಬಸ್ಸು ಹತ್ತದೆ, ಪೆಟ್ಟಿಗೆ ಹೊತ್ತು ನಡೆದೇ ಅಂಗಡಿಗಳನ್ನು ಸುತ್ತಿದ್ದ. ಎಡಗೈಯ ಬೊಬ್ಬೆ ಒಡೆದು ಪೆಟ್ಟಿಗೆಯ ಹಿಡಿ ರಕ್ತವಾಗಿತ್ತು. ಹನ್ನೆರಡನೆಯದನ್ನು ಜೇಬಿನಲ್ಲಿಟ್ಟುಕೊಂಡು ಹೋದಾಗ ಆ ಕಂಪನಿಯ ಷಟರ್ ಇಳಿದಿತ್ತು. ಬೋರ್ಡು ಇಲ್ಲ, ಕಾಗದ ಅಂಟಿಸಿಲ್ಲ, ಪಕ್ಕದ ಅಂಗಡಿಯವನಿಗೆ ಗೊತ್ತಿಲ್ಲ. ಆಗ ಏನಾಯಿತು ಎಂಬುದನ್ನು ಅವನು ಟೈಪಿಸ್ಟಿಗೂ ಬರೆದು ತೋರಿಸಿರಲಿಲ್ಲ. ಖುಷಿಯಾಯಿತು. ಹೌದು, ನಡುರಸ್ತೆಯಲ್ಲಿ ನಿಂತ ಅವನಿಗೆ ಕುಣಿಯುವಷ್ಟು ಖುಷಿಯಾಯಿತು. ಅದೇ ರಸ್ತೆಯ ಮೂಲೆಯ ಅಂಗಡಿಗೆ ಹೋಗಿ, ಆ ಕಂತಿನ ಹಣದಲ್ಲಿ ಒಂದು ಜೊತೆ ಕಂದು ಬಣ್ಣದ ಶೂ ಕೊಂಡ. ಮರುತಿಂಗಳು ಮತ್ತೊಮ್ಮೆ ಹೋಗಿ ಷಟರ್ ನೋಡಿ ಬಂದ. ಅದರ ಮುಂದಿನ ತಿಂಗಳು ಹೋಗಲಿಲ್ಲ. ಶೂ ಹೆಬ್ಬೆರಳಿಗೆ ಒತ್ತುತ್ತಿತ್ತು, ಆದರೂ ಹರಿಯುವವರೆಗೂ ಹಾಕಿಕೊಂಡ.

ಏಜೆನ್ಸಿ ಇದ್ದದ್ದು ಟೈರಿನ ಅಂಗಡಿಯ ಮೇಲೆ. ಮೆಟ್ಟಿಲಿಗೆಲ್ಲ ರಬ್ಬರಿನ ವಾಸನೆ. ಒಳಗೆ ಒಂದಕ್ಕೊಂದು ಬೆಸೆದ ಪ್ಲಾಸ್ಟಿಕ್ ಕುರ್ಚಿಗಳ ಸಾಲು. ಕೊನೆಯಲ್ಲಿ ಕೂತವನು ಕಾಲು ಅಲ್ಲಾಡಿಸಿದರೆ ಸಾಲಿಗೆ ಸಾಲೇ ನಡುಗುತ್ತಿತ್ತು. ಅವನ ಟೋಕನ್ ಅರವತ್ತೇಳು, ಗೋಡೆಯ ಮೇಲೆ ಉರಿಯುತ್ತಿದ್ದದ್ದು ನಲವತ್ತೊಂಬತ್ತು. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ನಾನು ಇವರ ಹಾಗಲ್ಲ, ನನ್ನದು ಸತ್ತ ಸಾಲ ಎಂದು ಒಳಗೊಳಗೇ ಹೇಳಿಕೊಂಡ; ಹಾಗೆ ಹೇಳಿಕೊಂಡದ್ದಕ್ಕೆ ನಾಚಿಕೆಯಾಯಿತು. ಕಾಲು ಅಲ್ಲಾಡಿಸುತ್ತಿದ್ದವನು ಇವನ ಪೆಟ್ಟಿಗೆಯನ್ನೇ ನೋಡಿ, ‘ಏನ್ ಸಾರ್, ಪಿಟೀಲಾ?’ ಎಂದ. ‘ಅಲ್ಲ, ತೂಕದ ಬಟ್ಟು.’ ‘ಓಹೋ, ಇಲ್ಲಿ ತೂಗೋಕೆ ಬಂದ್ರಾ’ ಎಂದು ಅವನೊಬ್ಬನೇ ನಕ್ಕ. ಆ ನಗು ಕುರ್ಚಿಯ ಕಬ್ಬಿಣದ ಮೂಲಕ ಇವನ ಬೆನ್ನಿಗೆ ಬಂದು ಮುಟ್ಟಿತು. ನಾಲ್ಕು ಗಂಟೆ ದಾಟಿ ಐದು ನಿಮಿಷಕ್ಕೆ ಅವನ ನಂಬರು ಬಂತು.

ಕೌಂಟರಿನಲ್ಲಿದ್ದವಳಿಗೆ ಜೋರು ನೆಗಡಿ. ಮೂಗು ಕೆಂಪಾಗಿ, ಕೈಯಲ್ಲಿ ಮುದ್ದೆಯಾದ ಕರವಸ್ತ್ರ. ಅವನು ಹೆದರಿಕೊಂಡು ಬಂದಿದ್ದ ಮುಖ ಇದಾಗಿರಲಿಲ್ಲ. ‘ತಕರಾರು ಪತ್ರಾನಾ ಸರ್? ಕೊಡಿ’ ಎಂದು ಕಾಗದ ತೆಗೆದುಕೊಂಡು ಆ ಒಂದು ಸಾಲನ್ನು ಓದಿ, ಇಂಥ ಸಾಲುಗಳನ್ನು ದಿನಕ್ಕೆ ಇಪ್ಪತ್ತು ನೋಡುವವಳಂತೆ ತಲೆಯಾಡಿಸಿ, ಮುದ್ರೆಯನ್ನು ಕೈಗೆತ್ತಿಕೊಂಡಳು. ಇಷ್ಟೇ. ಇನ್ನು ಅರ್ಧ ನಿಮಿಷ. ಅವನು ಅವಳ ಕೈಯನ್ನೇ ನೋಡುತ್ತಾ ನಿಂತ. ಶಾಯಿಯ ಡಬ್ಬಿ ಒಣಗಿತ್ತು. ಅವಳು ಅದಕ್ಕೆ ನೀರು ಹನಿಸಲು ಆ ಕಡೆ ತಿರುಗಿದಾಗ, ಕೌಂಟರಿನ ಮೂಲೆಯಲ್ಲಿದ್ದ ಅಂಚೆ ತಕ್ಕಡಿ ಅವನ ಕಣ್ಣಿಗೆ ಬಿತ್ತು. ಕಾಗದ ಪತ್ರ ತೂಗುವ ಪುಟ್ಟ ತಕ್ಕಡಿ. ತಟ್ಟೆ ಖಾಲಿ. ಮುಳ್ಳು ನಾಲ್ಕು ಗ್ರಾಮಿನ ಮೇಲೆ.

ನೋಡಬಾರದು ಎಂದು ಗೋಡೆಯ ಗಡಿಯಾರ ನೋಡಿದ. ನೆಲ ನೋಡಿದ. ಮತ್ತೆ ಕಣ್ಣು ಅಲ್ಲಿಗೇ ಹೋಯಿತು. ಏನೂ ಇಲ್ಲದ ತಟ್ಟೆಯ ಮೇಲೆ ನಾಲ್ಕು ಗ್ರಾಂ ಕೂತಿದೆ. ಇಲ್ಲಿಂದ ಹೊರಡುವ ಪ್ರತಿ ಲಕೋಟೆಯೂ, ಅವನಿಗೆ ಬಂದ ಲಕೋಟೆಯೂ, ಆ ನಾಲ್ಕು ಗ್ರಾಮನ್ನು ಹೊತ್ತೇ ಹೊರಟಿದೆ. ‘ಅದು ತಪ್ಪು ತೋರಿಸ್ತಿದೆ’ ಎಂದುಬಿಟ್ಟ.

‘ಏನ್ ಸರ್?’

‘ತಕ್ಕಡಿ. ನಾಲ್ಕು ಗ್ರಾಂ ಜಾಸ್ತಿ. ಒಂದ್ನಿಮಿಷ, ಸರಿ ಮಾಡ್ತೀನಿ.’ ಅವಳು ಹೂಂ ಅನ್ನುವ ಮೊದಲೇ ಪೆಟ್ಟಿಗೆ ತೆರೆದಾಗಿತ್ತು. ತಟ್ಟೆಯ ಕೆಳಗಿನ ತಿರುಪನ್ನು ಕಾಲು ಸುತ್ತು ಹಿಂದಕ್ಕೆ ತಿರುಗಿಸಿ, ಮುಳ್ಳು ಸೊನ್ನೆಗೆ ಬಂದ ಮೇಲೆ ಚಿಮುಟದಿಂದ ಐದು ಗ್ರಾಮಿನದನ್ನು ಇಟ್ಟ. ಐದು. ಇಪ್ಪತ್ತನ್ನು ಇಟ್ಟ. ಇಪ್ಪತ್ತು. ಕೈ ನಡುಗಲಿಲ್ಲ. ಬೆಳಗಿನಿಂದ ಮೊದಲ ಸಲ ಮೈ ಹಗುರವಾಯಿತು.

‘ಅಯ್ಯೋ, ಎಷ್ಟು ದಿನದಿಂದ ಸ್ಟಾಂಪಿಗೆ ಜಾಸ್ತಿ ದುಡ್ಡು ಹೋಗ್ತಿದೆ, ಮ್ಯಾನೇಜರ್ ನನ್ನೇ ಬೈತಿದ್ರು’ ಎಂದು ಅವಳು ಸೀನುತ್ತಾ ನಕ್ಕಳು. ಮುದ್ರೆ ಇನ್ನೂ ಅವಳ ಕೈಯಲ್ಲೇ ಇತ್ತು. ಅವಳು ಅದನ್ನು ಕೆಳಗಿಟ್ಟು ಅವನನ್ನು ಸರಿಯಾಗಿ ನೋಡಿದಳು. ‘ನಿಮ್ಮಂಥೋರ ಹೆಸರು ಇಲ್ಲಿಗೆ ಹೇಗೆ ಬಂತು ಸರ್? ತಾಳಿ, ಫೈಲ್ ನೋಡ್ತೀನಿ. ತಪ್ಪಿದ್ರೆ ಇಲ್ಲೇ ಗೊತ್ತಾಗತ್ತೆ.’ ಬೇಡ ಎನ್ನಬೇಕಿತ್ತು. ಮುದ್ರೆ ಒತ್ತಿ ಸಾಕು ಎನ್ನಬೇಕಿತ್ತು. ಅವಳ ದನಿಯಲ್ಲಿ ಅಕ್ಕರೆಯಿತ್ತು; ಅವನು ಚಿಮುಟವನ್ನು ಪೆಟ್ಟಿಗೆಯೊಳಗಿಟ್ಟ. ಅವಳು ಪರದೆಯನ್ನು ಅವನ ಕಡೆಗೆ ತಿರುಗಿಸಿದಳು. ‘ನೋಡಿ, ಇದೇ. ಇಪ್ಪತ್ತನಾಲ್ಕು ಕಂತು. ಒಂಬತ್ತು ಕಟ್ಟಿ ನಿಲ್ಸಿಬಿಟ್ಟಿದೀರ ಅಂತಿದೆ.’

‘ಹನ್ನೊಂದು.’

ಅಷ್ಟೇ. ಒಂದು ಪದ. ಬಾಯಿಂದ ಬಿದ್ದದ್ದು ಅವನಿಗೇ ಕೇಳಿಸಿತು. ಹಿಂದೆ ಕುರ್ಚಿಗಳ ಸಾಲು ನಡುಗುತ್ತಲೇ ಇತ್ತು. ಕೌಂಟರಿನವಳು ಮೂಗು ಒರೆಸಿಕೊಂಡಳು. ಅವಳು ಬಲೆ ಬೀಸಿದಳೋ, ನಿಜಕ್ಕೂ ಸಹಾಯ ಮಾಡಲು ಹೊರಟಿದ್ದಳೋ ಆ ಕೆಂಪು ಮೂಗಿನ ಮುಖದಲ್ಲಿ ಹೇಳಲಾಗುತ್ತಿರಲಿಲ್ಲ. ‘ಹೌದಾ ಸರ್? ಹಾಗಾದ್ರೆ ಎರಡು ಕಂತು ನಮ್ಮ ದಾಖಲೇಲಿ ಬಿಟ್ಟುಹೋಗಿದೆ. ಹಳೇ ಕಂಪನಿಯೋರು ಕೊನೇ ಎರಡು ತಿಂಗಳು ದುಡ್ಡು ಈಸ್ಕೊಂಡು ಪುಸ್ತಕಕ್ಕೇ ಹತ್ತಿಸಿಲ್ಲ, ಬಹಳ ಜನ ಹೇಳ್ತಾರೆ. ತಿದ್ದುಪಡಿ ಫಾರಂ ಇದೆ. ಬರೆದುಕೊಡ್ತೀರಾ?’

‘ಆ ಪತ್ರ?’

‘ಎರಡೂ ತಗೊಳ್ಳೋ ಹಾಗಿಲ್ಲ ಸರ್. ಸಾಲಾನೇ ಒಪ್ಪಲ್ಲ ಅಂದ್ಮೇಲೆ ಹನ್ನೊಂದು ಕಟ್ಟಿದೀನಿ ಅನ್ನೋದು ಹೇಗೆ? ಯಾವುದಾದ್ರೂ ಒಂದು ಕೊಡಿ. ಪತ್ರಾನೇ ಕೊಡ್ತೀರಾದ್ರೆ ಈಗ್ಲೇ ಮುದ್ರೆ ಒತ್ತಿಬಿಡ್ತೀನಿ. ದಾಖಲೇಲಿ ಒಂಬತ್ತು ಅಂತಲೇ ಇರತ್ತೆ, ಅಷ್ಟೆ.’

ಒಂಬತ್ತು ಅಂತಲೇ ಇರತ್ತೆ. ಇದ್ದರೆ ಇರಲಿ, ಯಾರು ನೋಡುತ್ತಾರೆ? ಟೈಪಿಸ್ಟ್ ಹೆಂಗಸು ಪಕ್ಕದಲ್ಲಿದ್ದಿದ್ದರೆ ಅವನ ಕಾಲು ತುಳಿಯುತ್ತಿದ್ದಳು. ಅವನಿಗೆ ಬಾಗಿಲೂ ಕಂಡಿತು, ಬಾಗಿಲಲ್ಲಿ ಅಕ್ಕನೂ ಕಂಡಳು. ಆದರೆ ಒಂಬತ್ತು ಎಂದರೆ ಏನು? ಕಂಪನಿಯ ಬಾಗಿಲು ತೆರೆದಿದ್ದಾಗಲೇ, ಜನ ಒಳಗೆ ಕೂತು ಕಾಯುತ್ತಿದ್ದಾಗಲೇ ಇವನು ಮುಖ ಮರೆಸಿಕೊಂಡ ಎಂದರ್ಥ. ಕೋಟುಗಳ ನಡುವೆ ಉಸಿರು ಹಿಡಿದು ನಿಂತ ಎಂದರ್ಥ. ಹನ್ನೊಂದು ಎಂದರೆ ಬೇರೆಯೇ ಮನುಷ್ಯ: ಕೈಗಡಿಯಾರ ಮಾರಿದವನು, ಬೊಬ್ಬೆ ಬಂದರೂ ನಡೆದವನು, ಹಣ ಹಿಡಿದು ಹೋಗಿ ಷಟರಿನ ಮುಂದೆ ನಿಂತವನು. ಶೂ ಕೊಂಡದ್ದು ಆಮೇಲಿನ ಮಾತು. ಈ ಹನ್ನೊಂದು ವರ್ಷ ಅಕ್ಕನ ಹೊಗಳಿಕೆಯನ್ನು ನುಂಗಿಕೊಂಡು ತಲೆಯೆತ್ತಿ ಓಡಾಡಲು ಅವನಿಗಿದ್ದದ್ದು ಆ ಎರಡು ಕಂತು ಮಾತ್ರ. ಅವನ್ನು ಅಳಿಸಿಕೊಂಡು ಹೊರಗೆ ಹೋದರೆ ಹೋಗುವವನು ಯಾರು? ಅಪ್ಪನೇ ಹೋದ ಹಾಗಾಗುತ್ತದಲ್ಲ. ಥೂ, ಎಂಥ ಪೀಕಲಾಟ! ಬಿಡಿಸಿಕೊಳ್ಳಬೇಕಾದರೆ ಕಳ್ಳನಾಗಬೇಕು, ಕಳ್ಳನಲ್ಲ ಎನ್ನಬೇಕಾದರೆ ಸಿಕ್ಕಿಬೀಳಬೇಕು. ಹಿಂದಿನವನು, ‘ಸಾರ್, ಬೇಗ, ನಮಗೂ ಮನೆ ಮಠ ಇದೆ’ ಎಂದ.

‘ಫಾರಂ ಕೊಡಮ್ಮ’ ಎಂದ ಅವನು.

ಬರೆಯಲು ಕೂತ ಮೇಲೆ ಕೈ ತನ್ನ ಪಾಡಿಗೆ ತಾನು ಓಡಿತು. ಪಡೆದ ಮೊತ್ತ, ಪಡೆದ ದಿನ, ಕಟ್ಟಿದ ಕಂತು ಹನ್ನೊಂದು, ಒಂದೊಂದರ ತಾರೀಖು. ಒಂದೂ ಮರೆತಿರಲಿಲ್ಲ. ಬಾಕಿ ಕಂತು ಹದಿಮೂರು. ಕೆಳಗೆ ಮನೆಯ ಪೂರ್ಣ ವಿಳಾಸ ಎಂದಿತ್ತು. ಪೂರ್ಣ ಎಂದ ಮೇಲೆ ಪೂರ್ಣ. ಬೀದಿ, ಮನೆ ನಂಬರು, ಮೂರನೇ ಮಹಡಿ, ಮೆಟ್ಟಿಲಿನ ಎಡಕ್ಕೆ ಎರಡನೇ ಬಾಗಿಲು. ಬರೆದು ಮುಗಿಸಿದ ಮೇಲೂ ಅರ್ಧ ಸಾಲು ಖಾಲಿ ಉಳಿದದ್ದು ಕಂಡು, ಕರೆಗಂಟೆ ಕೆಟ್ಟಿದೆ, ಬಾಗಿಲು ತಟ್ಟಬೇಕು ಎಂದು ಸೇರಿಸಿದ. ಸಹಿ ಹಾಕಿದ. ಕೌಂಟರಿನವಳು ಅದನ್ನು ಓದಿ, ಮುದ್ರೆಯನ್ನು ಒತ್ತಿ, ಯಂತ್ರದಿಂದ ಬಂದ ಚೀಟಿ ಹರಿದುಕೊಟ್ಟಳು. ಎರಡು ಕಂತು ಕಳೆದು, ಹದಿಮೂರಕ್ಕೆ ಹನ್ನೊಂದು ವರ್ಷದ ಬಡ್ಡಿ ಮತ್ತು ದಂಡ ಸೇರಿ, ತೊಂಬತ್ತಾರು ಸಾವಿರದ ಎಂಟುನೂರ ನಲವತ್ತು. ಅವನು ಮನಸ್ಸಿನಲ್ಲೇ ಗುಣಿಸಿ ನೋಡಿದ. ಲೆಕ್ಕ ಸರಿಯಾಗಿತ್ತು.

‘ವಿಳಾಸ ನೋಡ್ಕೊಂಡು ಹೋಗೋಕೆ ನಮ್ಮವ್ರು ಒಬ್ರು ಬರ್ತಾರೆ ಸರ್. ಇವತ್ತು ಆ ಕಡೇನೇ ಇದಾರೆ, ಫೋನ್ ಮಾಡಿ ಹೇಳಿಬಿಡ್ತೀನಿ. ಐದು ನಿಮಿಷದ ಕೆಲಸ.’

‘ಮನೆಗಾ? ಬೇಡಮ್ಮ, ಬೇಡ. ನಾನೇ ಬರ್ತೀನಿ. ನಾಳೆ ಬರ್ತೀನಿ, ದಿನಾ ಬೇಕಾದ್ರೂ ಬರ್ತೀನಿ. ಮನೇಲಿ ನನ್ನ ಅಕ್ಕ ಇದಾಳೆ.’

‘ನಿಯಮ ಸರ್’ ಎಂದು ಅವಳು ಬೇಸರದಿಂದಲೇ ಹೇಳಿದಳು, ಹೇಳಿ ಸೀನಿದಳು. ‘ಒಳ್ಳೇದೇ ಆಯ್ತಲ್ಲ, ಮನೇಲಿ ಯಾರಾದ್ರೂ ಇದ್ರೆ ಸಾಕು.’ ಅರವತ್ತೆಂಟು ಎಂದು ಗೋಡೆಯಲ್ಲಿ ಉರಿಯಿತು.

ಬಸ್ಸಿಗೆ ಕಾಯುವಷ್ಟು ತಾಳ್ಮೆ ಇರಲಿಲ್ಲ. ನಡೆದ, ಅಲ್ಲಲ್ಲಿ ಓಡಿದ. ಪೆಟ್ಟಿಗೆಯೊಳಗೆ ಬಟ್ಟುಗಳು ಕುಳಿ ತಪ್ಪಿ ಗಲಗಲ ಎನ್ನುತ್ತಿದ್ದವು. ಎಂದೂ ಹಾಗಾಗಲು ಬಿಟ್ಟವನಲ್ಲ. ದಾರಿಯುದ್ದಕ್ಕೂ ಎದುರಿಗೆ ಬಂದ ಗಂಡಸರನ್ನೆಲ್ಲ ಇವನೇ ಇರಬಹುದೇ ಎಂದು ನೋಡಿದ. ಕೈಚೀಲ ಹಿಡಿದವನು, ಮೊಬೈಲು ನೋಡುತ್ತಾ ಮನೆ ನಂಬರು ಹುಡುಕುತ್ತಿದ್ದವನು. ಮೊದಲು ಹೋಗಿ ಅಕ್ಕನನ್ನು ಏನಾದರೂ ನೆವ ಹೇಳಿ ಹೊರಗೆ ಕಳಿಸಬೇಕು. ಇಲ್ಲ, ಎದುರಿಗೆ ಕೂರಿಸಿಕೊಂಡು ಹೇಳಿಬಿಡಬೇಕು. ಅಕ್ಕ, ನಾನು ಆಗ ಸುಳ್ಳು ಹೇಳಿದ್ದೆ. ಎಷ್ಟು ಚಿಕ್ಕ ವಾಕ್ಯ, ಟೈಪಿಸ್ಟ್ ಹೊಡೆದುಕೊಟ್ಟ ಸಾಲಿನಷ್ಟೇ. ಮೂರು ಮಹಡಿ ಹತ್ತಿ ಬಾಗಿಲು ತಳ್ಳಿದಾಗ ಅಕ್ಕ ಕಿಟಕಿಯ ಬಳಿ, ಬೆಳಕಿಗೆ ಬೆನ್ನು ಕೊಟ್ಟು, ತೊಡೆಯ ಮೇಲೆ ಬಿಳಿ ಅಂಗಿ ಹರಡಿಕೊಂಡು ಕಾಜ ಹಾಕುತ್ತಿದ್ದಳು. ಅರವತ್ತೊಂದರಲ್ಲೂ ಅವಳ ಹೊಲಿಗೆ ಅಳತೆ ತಪ್ಪುತ್ತಿರಲಿಲ್ಲ. ದಿನಕ್ಕೆ ನಲವತ್ತು ಸಾಕು, ಕಣ್ಣಿಗೆ ಆಯಾಸ ಬೇಡ ಎಂದು ಡಾಕ್ಟರು ಹೇಳಿದ್ದರಿಂದ ನಲವತ್ತಾದ ಕೂಡಲೇ ಸೂಜಿ ಚುಚ್ಚಿ ಎದ್ದುಬಿಡುತ್ತಿದ್ದಳು.

‘ಏನೋ ಪುಟ್ಟ, ಇಷ್ಟು ಬೇಗ? ಮುಖ ಯಾಕೆ ಹಾಗಿದೆ, ಓಡಿ ಬಂದ್ಯಾ? ಕೂತ್ಕೋ, ಮೂವತ್ತೆಂಟು ಆಯ್ತು, ಇನ್ನೆರಡು ಹಾಕಿ ಟೀ ಮಾಡ್ತೀನಿ.’

‘ಅಕ್ಕ.’

‘ಹೇಳು.’

‘ಏನಿಲ್ಲ. ದರ್ಜಿ ಅಂಗಡಿಗೆ ಅಂಗಿ ಕೊಟ್ಟು ಬರೋದಿತ್ತಲ್ಲ ನೀನು?’

‘ನಾಳೆ ಕಣೋ. ನನ್ನನ್ನ ಓಡ್ಸೋಕೆ ನೋಡ್ತಿದ್ದೀಯಲ್ಲ, ಯಾರನ್ನಾದ್ರೂ ಕರ್ಕೊಂಡು ಬರ್ತೀಯಾ ಹೇಗೆ?’ ಎಂದು ಅವಳು ದಾರ ಕಚ್ಚಿ ಕಡಿಯುತ್ತಾ ನಕ್ಕಳು. ಐವತ್ತಾರು ವರ್ಷದ, ಮದುವೆಯಾಗದ ತಮ್ಮನಿಗೆ ಅವಳು ದಿನಾ ಮಾಡುವ ತಮಾಷೆ ಅದು. ಅವನು ಕುರ್ಚಿಯ ಅಂಚಿನಲ್ಲಿ ಕೂತ. ಈಗ. ಇದೊಂದು ಕಾಜ ಮುಗಿಯಲಿ, ಆಮೇಲೆ. ಸೂಜಿ ಒಳಗೆ ಹೋಗಿ ಹೊರಗೆ ಬಂತು, ಒಳಗೆ ಹೋಗಿ ಹೊರಗೆ ಬಂತು. ಮೆಟ್ಟಿಲ ಮೇಲೆ ಬೂಟಿನ ಸದ್ದು. ಎರಡನೇ ಮಹಡಿ ದಾಟಿತು. ಎಡಕ್ಕೆ ತಿರುಗಿತು. ಮೊದಲ ಬಾಗಿಲು ದಾಟಿತು. ಬಂದವನು ಕರೆಗಂಟೆಯನ್ನು ಮುಟ್ಟಲಿಲ್ಲ; ಬರೆದುಕೊಟ್ಟಿದ್ದಂತೆ, ಬಾಗಿಲು ತಟ್ಟಿದ.

‘ಯಾರೋ ನೋಡು’ ಎಂದಳು ಅಕ್ಕ, ತಲೆಯೆತ್ತದೆ. ಉತ್ತರ ಬಾರದ್ದಕ್ಕೆ ತಲೆಯೆತ್ತಿದಾಗ ಅವನು ಕುರ್ಚಿಯಲ್ಲಿರಲಿಲ್ಲ. ಯಾವಾಗ ಎದ್ದನೆಂದು ಅವನಿಗೂ ಗೊತ್ತಿರಲಿಲ್ಲ. ಕಾಲುಗಳು ಅವನನ್ನು ಒಳಕೋಣೆಗೆ ಎಳೆದುಕೊಂಡು ಹೋಗಿದ್ದವು. ಮೂರು ಮನೆ ಬದಲಿಸಿದರೂ ಬಿಡದೆ ಹೊತ್ತು ತಂದಿದ್ದ ಅಪ್ಪನ ಬೀರು ಅಲ್ಲಿತ್ತು. ಈಗ ಅದರೊಳಗೆ ಅಕ್ಕನ ಕಾಜ ಹಾಕಿದ ಅಂಗಿಗಳು, ಅವನಂಥ ದೊಡ್ಡ ಮನುಷ್ಯನಿಗೆ ಜಾಗವಿಲ್ಲ. ಬೀರುವಿಗೂ ಗೋಡೆಗೂ ನಡುವೆ ಪೊರಕೆ ಇಡುವ ಸಂದಿಯಲ್ಲಿ ಅಡ್ಡಡ್ಡ ನಿಂತಿದ್ದ. ಹೊರಗೆ ಬಾ, ಹೋಗು, ಹೋಗಿ ನಾನೇ ಎನ್ನು, ನಿನಗೇನು ನಾಲ್ಕು ವರ್ಷವೇ ಎಂದು ತನಗೆ ತಾನೇ ಹೇಳಿಕೊಂಡ. ಮೈ ಅಲುಗಲಿಲ್ಲ. ಅವನ ಬಲಗೈ ಅವನ ಬಾಯಿಯ ಮೇಲಿತ್ತು. ಅದರಲ್ಲಿ ಪೆಟ್ಟಿಗೆಯ ಹಿತ್ತಾಳೆ ಹಿಡಿಯ ವಾಸನೆ.

ಚಿಲಕ ತೆಗೆದ ಸದ್ದು. ಗಂಡಸಿನ ದನಿ, ಒರಟೇನಲ್ಲ, ಅವನ ನಿಜವಾದ ಹೆಸರನ್ನು ಪೂರ್ತಿಯಾಗಿ ಓದಿತು. ‘ಇದಾರಾಮ್ಮ? ಅವರ ಸಾಲದ ವಿಷಯ. ಕಣ್ಣಿನ ಆಸ್ಪತ್ರೆಗೆ ಅಂತ ತಗೊಂಡಿದ್ದು. ವಿಳಾಸ ಇದೇನಾ ಅಂತ ನೋಡ್ಕೊಂಡು ಹೋಗೋಣ ಅಂತ.’

ಅವನಿಗೆ ಅವಳ ಬೆನ್ನು ಕಾಣುತ್ತಿರಲಿಲ್ಲ, ಆದರೂ ಆ ಬೆನ್ನು ನೆಟ್ಟಗಾದದ್ದು ಗೊತ್ತಾಯಿತು.

‘ಮನೇಲಿಲ್ಲ’ ಎಂದಳು ಅಕ್ಕ. ‘ಯಾವಾಗ ಬರ್ತಾರೋ ಗೊತ್ತಿಲ್ಲ.’

ತಡವರಿಸಲಿಲ್ಲ. ಐವತ್ತೆರಡು ವರ್ಷದಲ್ಲಿ ದನಿ ದಪ್ಪವಾಗಿತ್ತು, ಅಷ್ಟೇ. ಬಂದವನು ಏನೋ ಬರೆದುಕೊಂಡು, ಆಯ್ತಮ್ಮ, ಮತ್ತೆ ಬರ್ತೀನಿ ಎಂದು ಮೆಟ್ಟಿಲಿಳಿದ. ಒಂದೊಂದು ಮೆಟ್ಟಿಲೂ ಕೇಳಿಸಿತು. ಚಿಲಕ ಬಿತ್ತು. ಅವಳ ಹೆಜ್ಜೆ ಒಳಕೋಣೆಯ ಹೊಸ್ತಿಲಲ್ಲಿ ನಿಂತಿತು, ಆಮೇಲೆ ಒಳಗೆ ಬಂತು. ಬೀರುವಿನ ಬಾಗಿಲಿಗೆ ಎರಡು ಸಲ ತಟ್ಟಿದಳು.

‘ಹೋದ.’

ಅವನು ಸಂದಿಯಿಂದ ಹೊರಬರಲಿಲ್ಲ. ಅವಳೂ ಇಣುಕಿ ನೋಡಲಿಲ್ಲ. ಬೀರುವಿನ ಆಚೆ ಅವಳು, ಈಚೆ ಅವನು.

‘ನನ್ನ ಕಣ್ಣಿನ ಸಾಲಾನಾ?’

‘ಹೂಂ.’

‘ಸಾಲ ಬೇಡ ಅಂದಿದ್ದೆ ನಾನು.’

‘ಹೂಂ ಅಕ್ಕ.’

‘ಎಷ್ಟಿದೆ?’

ಅಂಕಿ ಬಾಯಲ್ಲಿ ಸಿದ್ಧವಾಗಿ ನಿಂತಿತ್ತು. ತೊಂಬತ್ತಾರು ಸಾವಿರದ ಎಂಟುನೂರ ನಲವತ್ತು. ಚೀಟಿ ಜೇಬಿನಲ್ಲಿತ್ತು, ಗುಣಿಸಿ ನೋಡಿದ್ದೂ ಆಗಿತ್ತು. ಅವಳ ಉಸಿರು ಮರದ ಆಚೆ ಮೇಲೆ ಕೆಳಗೆ ಆಗುವುದು ಅವನಿಗೆ ಕೇಳುತ್ತಿತ್ತು.

‘ಹನ್ನೆರಡು ಸಾವಿರ’ ಎಂದ. ಅಂಕಿಯಲ್ಲಿ ಅವನು ಹೇಳಿದ ಮೊದಲ ಸುಳ್ಳು ಅದು.

‘ಅಷ್ಟೇನಾ?’ ಅವಳು ಉಸಿರು ಬಿಟ್ಟಳು, ಬೀರುವಿಗೆ ಒರಗಿಕೊಂಡದ್ದಕ್ಕೆ ಅದು ಕಿರ್ರೆಂದಿತು. ‘ಅಯ್ಯೋ ದೇವರೇ, ಎಷ್ಟೋ ಏನೋ ಅಂತ ಜೀವ ಹೋದಂಗಾಯ್ತು ಕಣೋ. ಹನ್ನೆರಡು ಅಂದ್ರೆ... ಕಾಜಕ್ಕೆ ನಾಲ್ಕು. ಮೂರು ಸಾವಿರ ಕಾಜ. ದಿನಕ್ಕೆ ಇಪ್ಪತ್ತು ಜಾಸ್ತಿ ಹಾಕಿದ್ರೆ ನೂರೈವತ್ತು ದಿನ. ಐದು ತಿಂಗಳು. ತೀರಿಸಿಬಿಡೋಣ, ಆಮೇಲೆ ಯಾರೂ ಬರಲ್ಲ ಬಾಗ್ಲಿಗೆ.’ ಮತ್ತೆ, ‘ಸರಿ ತಾನೇ ಅಂಕಿ? ನೀನು ಲೆಕ್ಕ ತಪ್ಪೋನಲ್ಲ’ ಎಂದಳು.

‘ಸರಿ ಇದೆ ಅಕ್ಕ.’

ಅವಳ ಹೆಜ್ಜೆ ಹಿಂದಕ್ಕೆ ಹೋಯಿತು. ಕಿಟಕಿಯ ಬಳಿ ಕುರ್ಚಿ ಎಳೆದುಕೊಂಡ ಸದ್ದು, ದೀಪದ ಸ್ವಿಚ್ಚಿನ ಸದ್ದು. ಉಳಿದಿದ್ದ ಎರಡು ಕಾಜ ಮುಗಿದಾಗ ಸೂಜಿ ಚುಚ್ಚಿ ಏಳುತ್ತಾಳೆ, ಟೀಗೆ ನೀರಿಡುತ್ತಾಳೆ ಎಂದು ಅವನು ಕಾದ. ಅವಳು ಏಳಲಿಲ್ಲ. ಹೊಸ ಅಂಗಿಯನ್ನು ಕೊಡವಿ ತೊಡೆಯ ಮೇಲೆ ಹರಡಿಕೊಂಡಳು. ಬಾಯಿಯ ಮೇಲಿನ ಕೈ ತೆಗೆಯದೆ ಅವನು ಕೇಳಿಸಿಕೊಳ್ಳುತ್ತಾ ನಿಂತಿದ್ದ. ದಾರ ಕಡಿದ ಸದ್ದಾಯಿತು.

‘ಒಂದು’ ಎಂದಳು ಅಕ್ಕ.